ಕುಂಕುಮವಿಲ್ಲದ ನಾಲ್ಕು ಡಿಸ್ಕ್‌ಗಳು

2024ರ ನವೆಂಬರ್ 12, ಮಂಗಳವಾರ, ಬೆಳಿಗ್ಗೆ 10.40. ರಾಮನಗರದ ಸೈಬರ್ ಅಪರಾಧ ಠಾಣೆಗೆ ಇಬ್ಬರು ಗಂಡಸರು ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಬಂದರು. ಒಬ್ಬ ಕಾರಿನಿಂದ ಇಳಿದ. ಇನ್ನೊಬ್ಬ ಕೋಡಿಹಳ್ಳಿಯಿಂದ ಹೊರಟು, ಕನಕಪುರದಲ್ಲಿ ಬಸ್ಸು ಬದಲಿಸಿ, ನಿಲ್ದಾಣದಿಂದ ನಡೆದೇ ಬಂದಿದ್ದ.

ಕಾರಿನವನು ನಟರಾಜು, ಚನ್ನಪಟ್ಟಣದ ದೀಪಗಂಗಾ ಸ್ಕ್ಯಾನಿಂಗ್ ಸೆಂಟರಿನ ಮಾಲೀಕ. ಕೈಯಲ್ಲಿ ಟೈಪ್ ಮಾಡಿಸಿದ ಎರಡು ಪುಟದ ದೂರು. ಸೆಂಟರಿನ ಸರ್ವರ್ ಸತ್ತಿದೆ. ಎರಡು ವರ್ಷದ ಸ್ಕ್ಯಾನ್ ಚಿತ್ರಗಳೆಲ್ಲ ಅಳಿಸಿಹೋಗಿವೆ. ಹಿಂದಿನ ದಿನ ಸಂಜೆ ರಿಪೇರಿಗೆ ಬಂದಿದ್ದ ಹಬೀಬ್ ಎಂಬ ಟೆಕ್ನಿಷಿಯನ್ ಬೇಕೆಂದೇ ಅಳಿಸಿದ್ದಾನೆ.

ಬಸ್ಸಿನವನು ಶಿವಕುಮಾರ್. ಎದೆಗೆ ಅವುಚಿಕೊಂಡಿದ್ದ ಪ್ಲಾಸ್ಟಿಕ್ ಕವರಿನಲ್ಲಿ ಹೆಂಡತಿ ನಯನಾಳ ಆಸ್ಪತ್ರೆ ಕಾಗದಗಳಿದ್ದವು. ನಯನಾ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಜನವರಿಯಲ್ಲಿ ಹೊಟ್ಟೆನೋವೆಂದು ದೀಪಗಂಗಾದಲ್ಲಿ ಸಿಟಿ ಸ್ಕ್ಯಾನ್ ಮಾಡಿಸಿದ್ದರು. ಎಲ್ಲ ನಾರ್ಮಲ್ ಎಂದು ರಿಪೋರ್ಟ್ ಬಂದಿತ್ತು. ಈಗ ಬೆಂಗಳೂರಿನ ಆಸ್ಪತ್ರೆಯವರು ಅವಳ ಲಿವರಿನಲ್ಲಿ ಗಡ್ಡೆ ಇದೆ ಎಂದಿದ್ದಾರೆ.

"ಆ ಜನವರಿ ಚಿತ್ರ ತನ್ನಿ ಅಂತಾವ್ರೆ ಮೇಡಂ," ಎಂದ ಶಿವಕುಮಾರ್. "ಆಗಲೂ ಇಷ್ಟೇ ಇದ್ದಿದ್ರೆ ಆಪರೇಷನ್ನೇ ಬ್ಯಾಡವಂತೆ, ಹುಟ್ಟಿನಿಂದ ಇರೋ ಗಂಟು ಅಂತ ಬುಡ್ತಾರಂತೆ. ಬೆಳೆದಿದ್ರೆ ಅರ್ಧ ಲಿವರ್ ಕುಯ್ಯಬೇಕಂತೆ. ಶನಿವಾರದೊಳಗೆ ತೀರ್ಮಾನ ಮಾಡಬೇಕು. ಫಿಲಂ ಕೇಳಿದ್ದಕ್ಕೆ ಆವತ್ತು, ಕಂಪ್ಯೂಟರಲ್ಲೇ ಇರ್ತದೆ ಯಾವಾಗ್ಲಾದ್ರೂ ಬನ್ನಿ ಅಂದಿದ್ರು. ಶುಕ್ರವಾರ ಹೋದೆ, ಮಂಗಳವಾರ ಬಾ ಅಂದ್ರು. ಇವತ್ತು ಫೋನ್ ಮಾಡಿದ್ರೆ ಯಾವನೋ ಅಳಿಸಿಬುಟ್ಟವ್ನೆ, ಪೊಲೀಸ್ಗೆ ಹೋಗು ಅಂತಾರೆ."

"ಅವನು ನನ್ನ ಕೈಗೆ ಸಿಗಬೇಕು ಮೇಡಂ," ಎಂದೂ ಸೇರಿಸಿದ. 

ಇನ್ಸ್‌ಪೆಕ್ಟರ್ ಪ್ರತಿಮಾ ಸೋಲೂರಿನ ಹೆಣ್ಣುಮಗಳು. ಸಿಟ್ಟು ಅವಳಿಗೆ ಮೂಗಿನ ತುದಿಯಲ್ಲೇ ಇರುತ್ತದೆಂದು ಠಾಣೆಯವರೆಲ್ಲ ಬಲ್ಲರು. ಆ ಪ್ಲಾಸ್ಟಿಕ್ ಕವರು ನೋಡುತ್ತಲೇ ಅವಳು ನಟರಾಜುವಿನ ದೂರನ್ನು ಎಳೆದುಕೊಂಡು ಮತ್ತೊಮ್ಮೆ ಓದಿದಳು. ಇದ್ದಕ್ಕಿದ್ದಂತೆ ಒಬ್ಬ ಬಂದು ಎರಡು ವರ್ಷದ ರೋಗಿಗಳ ಚಿತ್ರ ಒರೆಸಿಹಾಕಿ ಹೋಗುವುದೆಂದರೇನು?

"ಹಬೀಬನ ಮೇಲೆ ಯಾಕೆ ಅನುಮಾನ?" ಎಂದು ನಟರಾಜುವನ್ನು ಕೇಳಿದಳು.

"ಹೆದರಿಸಿದ್ದ ಮೇಡಂ. 'ಒಂದಿನ ಎಲ್ಲಾ ಹೋಗುತ್ತೆ, ನೋಡ್ತಾ ಇರಿ' ಅಂತ ಸ್ಟಾಫ್ ಎದುರಿಗೇ ಹೇಳಿದ್ದ."

"ಸ್ಕ್ಯಾನ್ ಮೆಷಿನ್ನಿನಲ್ಲಿ ಚಿತ್ರ ಉಳಿಯಲ್ಲವಾ?"

"ಒಂದು ತಿಂಗಳಿಂದೀಚಿನದು ಮಾತ್ರ. ಹಳೇದೆಲ್ಲ ಸರ್ವರಲ್ಲೇ."

11.25ಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 66ರಡಿ ಎಫ್‌ಐಆರ್ ದಾಖಲಾಯಿತು. ಆರೋಪಿಯ ಜಾಗದಲ್ಲಿ ಹಬೀಬನ ಹೆಸರು ಬಿತ್ತು.

ಮಧ್ಯಾಹ್ನ 2.15ಕ್ಕೆ ಪ್ರತಿಮಾ, ಹೆಡ್ ಕಾನ್ಸ್‌ಟೇಬಲ್ ಬೈರಪ್ಪನ ಜೊತೆ ದೀಪಗಂಗಾ ತಲುಪಿದಳು. ಬಾಗಿಲ ಮೇಲೆ ಆಳೆತ್ತರದ ಬೋರ್ಡು: 'ಒಂದೇ ಗಂಟೆಯಲ್ಲಿ ರಿಪೋರ್ಟ್'. ಪಕ್ಕದ ಮೆಡಿಕಲ್ ಸ್ಟೋರಿನ ಲೋಕೇಶ್ ಮತ್ತು ಎದುರಿನ ಬೇಕರಿಯವರನ್ನು ಪಂಚರಾಗಿ ಕರೆದರು. ಒಬ್ಬ ಪೇದೆ ಮೊಬೈಲಿನಲ್ಲಿ ವಿಡಿಯೋ ಶುರು ಮಾಡಿದ. ನೆಲ ಒರೆಸುತ್ತಿದ್ದ ಆಯಾ ಬೈರಮ್ಮ ಖಾಕಿ ಕಂಡದ್ದೇ ಬಕೆಟ್ಟು ಅಲ್ಲೇ ಬಿಟ್ಟು ಒಳಗೆ ಸೇರಿಕೊಂಡಳು.

ಸರ್ವರ್ ಕೋಣೆ ಎಂದರೆ ಮೆಟ್ಟಿಲ ಕೆಳಗಿನ ಒಂದು ಗೂಡು. ಅದರಲ್ಲಿ ಒಂದು ಕಂಪ್ಯೂಟರ್, ಅದರ ಮೇಲೆ ಸ್ಟೋರೇಜ್ ಪೆಟ್ಟಿಗೆ. ಪೆಟ್ಟಿಗೆಗೆ ಮೇಜಿನ ಡ್ರಾಯರುಗಳಂತೆ ನಾಲ್ಕು ಖಾನೆ, ಖಾನೆಗೊಂದು ಡಿಸ್ಕ್. ಎರಡು ವರ್ಷದ ಚಿತ್ರಗಳು ಈ ನಾಲ್ಕಕ್ಕೂ ಹಂಚಿ ಕೂತಿರುತ್ತಿದ್ದವು.

ಬೈರಪ್ಪ ಪಂಚನಾಮೆ ಬರೆಯಲು ಕೂತರೆ ಎದುರಿನವರಿಗೆ ತೂಕಡಿಕೆ ಬರುತ್ತದೆ. ಗೋಡೆಯ ಮೊಳೆಯನ್ನೂ ಎಣಿಸುವ ಮನುಷ್ಯ. ನಾಲ್ಕೂ ಡಿಸ್ಕ್ ಹೊರಗೆಳೆದು, ಮಗುವನ್ನು ಮಗ್ಗುಲಾಗಿಸುವಂತೆ ಹೊರಳಿಸಿ ನೋಡಿ, ಕ್ರಮಸಂಖ್ಯೆ ಓದಿಕೊಂಡು ಬರೆದ: 'ಪೆಟ್ಟಿಗೆಯ ಒಳಗೆ ಬೆರಳಿಗೆ ಅಂಟುವಷ್ಟು ಧೂಳಿದೆ. ಡಿಸ್ಕ್‌ಗಳ ಮೇಲ್ಭಾಗ, ಕೆಳಭಾಗ ಶುಭ್ರ. ಕಂಪನಿಯ ಲೇಬಲ್ ಬಿಟ್ಟರೆ ಯಾವುದೇ ಗುರುತು, ಕಲೆ, ಬರಹ ಇಲ್ಲ.'

"ಅಷ್ಟು ಬೇಕಾ ಬೈರಪ್ಪ?"

"ಕಂಡಿದ್ದು ಬರೀಬೇಕಲ್ವಾ ಮೇಡಂ. ಕಾಣದೆ ಇದ್ದಿದ್ದೂ ಬರೀಬೇಕು."

ಡಿಸ್ಕ್‌ಗಳನ್ನು ಮೊಹರು ಮಾಡಿ ವಶಕ್ಕೆ ಪಡೆದರು.

ಹಬೀಬ್ ಸಿಕ್ಕಿದ್ದು ಒಂದು ಗೊಂಬೆ ಕಾರ್ಖಾನೆಯಲ್ಲಿ, ಇಲಿ ಕಡಿದ ನೆಟ್‌ವರ್ಕ್ ಕೇಬಲ್ಲಿಗೆ ಹೊಸ ತುದಿ ಕೂರಿಸುತ್ತಾ. ನಲವತ್ತರ ಮನುಷ್ಯ, ಅಂಗಿಗೆ ಅರಗಿನ ಬಣ್ಣದ ಪುಡಿ ಮೆತ್ತಿತ್ತು. 4.30ಕ್ಕೆ ಠಾಣೆಗೆ ಕರೆತಂದರು. ಅಷ್ಟರಲ್ಲಿ ಸುದ್ದಿ ಊರು ತುಂಬಿತ್ತು. ಮೇಜಿನ ಮೇಲಿಟ್ಟ ಅವನ ಫೋನು ಮತ್ತೆ ಮತ್ತೆ ಮಿನುಗುತ್ತಿತ್ತು. ರೇಷ್ಮೆ ನೂಲು ತೆಗೆಯುವ ಫಿಲೇಚರಿನವರು 'ನಾಳೆಯಿಂದ ಬರಬೇಡ' ಎಂದಿದ್ದರು. ಹಾಲಿನ ಸಂಘದವರು ಪಾಸ್‌ವರ್ಡ್ ಬದಲಿಸಿಕೊಂಡೆವು ಎಂದಿದ್ದರು. ಹದಿನಾಲ್ಕು ವರ್ಷ ಊರಿನವರ ಕಂಪ್ಯೂಟರ್ ಕಾಯ್ದವನನ್ನು ಊರು ಒಂದೇ ಮಧ್ಯಾಹ್ನದಲ್ಲಿ ಕಳ್ಳನೆಂದು ತೀರ್ಮಾನಿಸಿಬಿಟ್ಟಿತು.

ಪ್ರತಿಮಾಳಿಗೆ ಆಗ ಅವನ ಮೇಲೆ ಮರುಕವೇನೂ ಇರಲಿಲ್ಲ.

"ನಿನ್ನೆ ಯಾಕೆ ಹೋಗಿದ್ದೆ?"

"ಪ್ರಿಂಟರ್ ನೆಟ್‌ವರ್ಕಿಗೆ ಸಿಗ್ತಿಲ್ಲ ಅಂದ್ರು ಮೇಡಂ. ಕೇಬಲ್ಲೆಲ್ಲ ಬಂದು ಸೇರೋ ಸ್ವಿಚ್ ಪೆಟ್ಟಿಗೇಲಿ ಒಂದು ಪೋರ್ಟ್ ಸುಟ್ಟಿತ್ತು. ಕೇಬಲ್ ಪಕ್ಕದ್ದಕ್ಕೆ ಹಾಕಿ ಬಂದೆ. ಹತ್ತು ನಿಮಿಷ."

"ಸ್ಟೋರೇಜ್ ಮುಟ್ಟಿದ್ಯಾ?"

"ಇಲ್ಲ."

"'ಒಂದಿನ ಎಲ್ಲಾ ಹೋಗುತ್ತೆ' ಅಂದಿದ್ಯಾ ಇಲ್ವಾ?"

"ಅಂದಿದ್ದೆ. ಹತ್ತು ಸಲ ಅಂದಿದ್ದೆ. ಪೆಟ್ಟಿಗೆ ಹಳೇದಾಯ್ತು ಸಾರ್, ಎಲ್ಲದರದ್ದೂ ಇನ್ನೊಂದು ಕಾಪಿ ಬೇರೆ ಕಡೆ ಇಡಿ, ಇಲ್ಲಾಂದ್ರೆ ಒಂದಿನ ಎಲ್ಲಾ ಹೋಗುತ್ತೆ ಅಂತ. ಅದು ಬೆದರಿಕೆನಾ ಮೇಡಂ? ಡಾಕ್ಟ್ರು ಬೀಡಿ ಬಿಡು, ಇಲ್ಲಾಂದ್ರೆ ಸಾಯ್ತೀಯ ಅಂದ್ರೆ ಕೊಲೆ ಬೆದರಿಕೆನಾ?"

ಪ್ರತಿಮಾ ಮೇಜು ಗುದ್ದಿದಳು. "ನಾಲಿಗೆ ಬಿಗಿಹಿಡಿ! ಅಲ್ಲೊಬ್ಬಳು ಹೊಟ್ಟೆ ಕುಯ್ಯಿಸಿಕೊಳ್ಳಬೇಕಾ ಬೇಡವಾ ಗೊತ್ತಾಗದೆ ಮಲಗವ್ಳೆ. ನಾಲ್ಕು ಡಿಸ್ಕೂ ಖಾಲಿ. ಒಂದು ಚಿತ್ರ ಇಲ್ಲ."

ಹಬೀಬ್ ತಲೆ ತಗ್ಗಿಸಿದ. ಆಮೇಲೆ ಕೇಳಿದ: "ಡಿಸ್ಕ್ ಮೇಲೆ ಕುಂಕುಮ ಇತ್ತಾ ಮೇಡಂ?"

"ಏನು?"

"ಕುಂಕುಮ. ಮೇಲ್ಗಡೆ ಲೇಬಲ್ ಮೇಲೆ ಗಂಧ, ಕುಂಕುಮ. ಪಕ್ಕದಲ್ಲಿ ನನ್ನ ಮಾರ್ಕರಲ್ಲಿ ಒಂದು, ಎರಡು, ಮೂರು, ನಾಕು ಅಂತ ನಂಬರ್."

ಬೈರಪ್ಪ ಬಾಗಿಲ ಬಳಿಯಿಂದ ಎರಡು ಹೆಜ್ಜೆ ಮುಂದೆ ಬಂದ. ಹಬೀಬ್ ಬಿಡಿಸಿ ಹೇಳಿದ.

ಅಕ್ಟೋಬರ್ 11, ಆಯುಧಪೂಜೆ. ದೀಪಗಂಗಾದ ಯಂತ್ರಗಳಿಗೆಲ್ಲ ಪೂಜೆ ಮಾಡುವ ಕೆಲಸ ಬೈರಮ್ಮನದು. ಸೆಂಟರಿನ ಜೀವವೆಲ್ಲ ಆ ನಾಲ್ಕು ಖಾನೆಯೊಳಗಿದೆ ಎಂದು ಯಾರೋ ಅವಳಿಗೆ ಹೇಳಿದ್ದರು. ಪೆಟ್ಟಿಗೆಯ ಹೊರಗೆ ಕುಂಕುಮವಿಟ್ಟರೆ ಒಳಗಿನ ಜೀವಕ್ಕೆ ಮುಟ್ಟೀತೇ? ಅವಳು ನಾಲ್ಕೂ ಡಿಸ್ಕ್ ಹೊರಗೆಳೆದು, ಬಟ್ಟೆಯಲ್ಲಿ ಒರೆಸಿ, ಸಾಲಾಗಿ ಜೋಡಿಸಿ, ಒಂದೊಂದಕ್ಕೂ ಗಂಧ ಕುಂಕುಮವಿಟ್ಟು ಊದುಬತ್ತಿ ಬೆಳಗಿದಳು. ಮತ್ತೆ ತೂರಿಸುವಾಗ ಯಾವುದು ಎಲ್ಲಿತ್ತೋ ಮರೆತಳು. ಮಾರನೇ ದಿನ ಪೆಟ್ಟಿಗೆ ಕೀಂಯ್ ಎಂದು ಕಿರುಚಲು ಶುರುಮಾಡಿತು. ಡಿಸ್ಕ್‌ಗಳು ತಂತಮ್ಮ ಖಾನೆಯಲ್ಲೇ ಇರದಿದ್ದರೆ ಆ ಹಳೇ ಪೆಟ್ಟಿಗೆಗೆ ಓದಲು ಬಾರದು. ಹಬೀಬ್ ಬಂದು ಅರ್ಧ ದಿನ ಕೂತು ಸರಿಯಾದ ಸಾಲು ಹುಡುಕಿದ, ನಂಬರ್ ಬರೆದ.

"ಒರೆಸಿಬಿಡ್ತೀನಿ ಅಂದೆ ಮೇಡಂ. ಆಯಮ್ಮ ಕೈ ಹಿಡ್ಕೊಂಡ್ರು. 'ಇಟ್ಟ ಕುಂಕುಮ ಒರೆಸಬೇಡಪ್ಪ, ಒಳ್ಳೇದಲ್ಲ' ಅಂದ್ರು. ಅದರಿಂದ ಓದೋದಕ್ಕೇನೂ ತೊಂದರೆ ಇರಲಿಲ್ಲ. ಹಂಗೇ ಬಿಟ್ಟೆ. ಓನರ್‌ಗೆ ಹೇಳಬೇಡ, ಕೆಲಸದಿಂದ ತೆಗೀತಾರೆ ಅಂತ ಅತ್ತರು. ಹೇಳಲಿಲ್ಲ."

ಬೈರಪ್ಪ ಪಂಚನಾಮೆಯ ಎರಡನೇ ಪುಟ ತೆಗೆದು ಪ್ರತಿಮಾಳ ಮುಂದಿಟ್ಟ. ಯಾವುದೇ ಗುರುತು, ಕಲೆ, ಬರಹ ಇಲ್ಲ.

ಪ್ರತಿಮಾಳಿಗೆ ತನ್ನ ಮೇಲೇ ಕೋಪ ಬಂತು. ಧೂಳು ಹಿಡಿದ ಪೆಟ್ಟಿಗೆಯಲ್ಲಿ ಶುಭ್ರವಾದ ಡಿಸ್ಕ್ ಕಂಡಾಗಲೇ ತಲೆ ಓಡಬೇಕಿತ್ತು. ಅಳಿಸಿದ ಡಿಸ್ಕ್‌ಗಳಲ್ಲ ಅವು, ಬೇರೆ ಡಿಸ್ಕ್‌ಗಳು. ಹೇಳಿಕೆ ಬರೆಸಿಕೊಂಡು, ಕರೆದಾಗ ಬರಬೇಕೆಂದು ನೋಟಿಸ್ ಕೊಟ್ಟು ಹಬೀಬನನ್ನು ಮನೆಗೆ ಕಳಿಸಿದಳು. ಬಂಧಿಸಿಲ್ಲವೇಕೆ ಎಂದು ಕೇಳಲು ನಟರಾಜುವಿನ ಫೋನು ಆ ಸಂಜೆ ಎರಡು ಸಲ ಬಂತು.

13ರ ಬುಧವಾರ ಬೆಳಿಗ್ಗೆ 8ಕ್ಕೆ ಬೈರಮ್ಮನ ಮನೆ. ಅವಳು ಮೊದಲು ಎಲ್ಲಕ್ಕೂ ಇಲ್ಲ ಎಂದಳು.

"ನಾನು ಆ ಗೂಡಿಗೇ ಓಗಿಲ್ಲ ಕಣವ್ವ. ನಂಗೇನೂ ಗೊತ್ತಿಲ್ಲ."

"ಆಯುಧಪೂಜೆಗೆ ಪೂಜೆ ಮಾಡಿದ್ಯಂತೆ?"

ಬೈರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಕಟ್ಟೆ ಒಡೆಯಿತು. "ನಾನೇ ಕೆಡಿಸ್ಬುಟ್ಟೆ ಕಣವ್ವೋ! ಕುಂಕುಮ ಒಳೀಕ್ ಇಳಿದು ಮಿಸೀನು ಕೆಟ್ಟೋಯ್ತು. ಆ ಸಾಬರ ಉಡುಗ ಪಾಪ, ನನ್ನ ತಪ್ಪು ತನ್ನ ಮೇಲೆ ಆಕ್ಕಂಡು ಸ್ಟೇಸನ್ನಲ್ಲಿ ಕೂತವ್ನಂತೆ. ನನ್ನನ್ನ ಇಡ್ಕೊಂಡು ಓಗ್ರವ್ವ, ಅವುನ್ನ ಬುಡ್ರಿ!"

"ನೀನು ಏನೂ ಕೆಡಿಸಿಲ್ಲಮ್ಮ. ಅಳಬೇಡ. ಸೋಮವಾರ ಸಂಜೆ ಆ ಗೂಡಿನ ಬೀಗದ ಕೈ ಯಾರ ಹತ್ರ ಇತ್ತು?"

"ಯಾವತ್ತೂ ನನ್ನತ್ರಲೇ ಇರದು. ಆವತ್ತು ನಟರಾಜಣ್ಣ ಈಸ್ಕೊಂಡ್ರು. ನೀನು ಒಂಟೋಗು, ನಾನೇ ಬೀಗ ಆಕ್ತೀನಿ ಅಂದ್ರು."

ಬೈರಪ್ಪ ಡಿಸ್ಕ್‌ಗಳ ಕ್ರಮಸಂಖ್ಯೆ ಹಿಡಿದು ಬೆಂಗಳೂರಿಗೆ ಹೊರಟ. ಕಂಪನಿಯವರು ವಿತರಕನ ಹೆಸರು ಹೇಳಿದರು, ವಿತರಕ ಎಸ್.ಪಿ. ರಸ್ತೆಯ ಒಂದು ಅಂಗಡಿ ತೋರಿಸಿದ. 3.50ಕ್ಕೆ ಬೈರಪ್ಪನ ಫೋನು ಬಂತು.

"ಸಿಕ್ತು ಮೇಡಂ. ನಾಕೂ ಈ ಅಂಗಡೀದೇ. ನವೆಂಬರ್ 9, ಶನಿವಾರ ಬಿಲ್ಲಾಗೈತೆ. ಬಿಲ್ಲಲ್ಲಿ ನಟರಾಜೂದೇ ಮೊಬೈಲ್ ನಂಬ್ರ. ವಾರಂಟಿ ಬೇಕು ಅಂತ ತಾನೇ ಬರೆಸವ್ನೆ, ಬಡ್ಡೀಮಗ."

ಶುಕ್ರವಾರ ಎಂಟನೇ ತಾರೀಖು ಶಿವಕುಮಾರ್ ಹೋಗಿ ಜನವರಿಯ ಚಿತ್ರ ಕೇಳಿದ್ದ. ಶನಿವಾರ ಹೊಸ ಡಿಸ್ಕ್ ಬಂದವು. ಸೋಮವಾರ ಕೆಡದ ಸರ್ವರಿನ ಪಕ್ಕಕ್ಕೆ, ಪ್ರಿಂಟರಿನ ನೆಪದಲ್ಲಿ ಹಬೀಬನನ್ನು ಕರೆಸಲಾಯಿತು. ಹೊರಿಸಲು ಒಂದು ತಲೆ ಬೇಕಿತ್ತು. ಆ ತಲೆಯ ಮೇಲೊಂದು ಟೋಪಿ ಇದ್ದರೆ ಊರು ಇನ್ನೂ ಬೇಗ ನಂಬುತ್ತದೆಂದು ನಟರಾಜು ಲೆಕ್ಕ ಹಾಕಿದ್ದ. ಅವನ ಲೆಕ್ಕ ತಪ್ಪಾಗಿರಲಿಲ್ಲ. ಅದನ್ನು ನೆನೆದಾಗ ಪ್ರತಿಮಾಳ ಹಲ್ಲು ಕಟಕಟ ಎಂದಿತು, ಯಾಕೆಂದರೆ ಎಫ್‌ಐಆರಿನ ಕೆಳಗೆ ಅವಳದೇ ಸಹಿ ಇತ್ತು.

ಆದರೆ ಹಳೆಯ ಡಿಸ್ಕ್‌ಗಳು ಎಲ್ಲಿ? ಜಜ್ಜಿ ಕಣ್ವ ಜಲಾಶಯದ ನೀರಿಗೆ ಎಸೆದಿದ್ದರೆ ನಟರಾಜು ಜೈಲಿಗೆ ಹೋದರೂ ನಯನಾಳಿಗೆ ಏನೂ ಸಿಗುವುದಿಲ್ಲ.

14ರ ಗುರುವಾರ ಬೆಳಿಗ್ಗೆ 6.30. ವಾರಂಟ್ ಹಿಡಿದು ನಟರಾಜುವಿನ ಮನೆ ಶೋಧಿಸಿದರು. ಕಾರು, ಬೀರು, ಅಟ್ಟ, ನೀರಿನ ತೊಟ್ಟಿ, ಏನೂ ಇಲ್ಲ. ನಟರಾಜು ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

"ದೂರು ಕೊಟ್ಟವನ ಮನೆ ಜಾಲಾಡ್ತೀರಲ್ಲ ಮೇಡಂ. ಚೆನ್ನಾಗಿದೆ ನಿಮ್ಮ ನ್ಯಾಯ."

"ದೇವರ ಮನೆ ಒಂದು ಉಳೀತು," ಎಂದ ಬೈರಪ್ಪ, ಬೂಟು ಬಿಚ್ಚುತ್ತಾ.

ನಟರಾಜುವಿನ ಮೇಲಿನ ಕಾಲು ತಾನೇ ಕೆಳಗಿಳಿಯಿತು. "ಅಲ್ಲೇನಿದೆ? ಮಡಿ ಇದೆ ಅಲ್ಲಿ!"

"ನಾನೂ ಸ್ನಾನ ಮಾಡೇ ಬಂದಿವ್ನಿ ಸ್ವಾಮಿ," ಎಂದು ಬೈರಪ್ಪ ಕೈಮುಗಿದು ಒಳಹೋದ. ಕಬ್ಬಾಳಮ್ಮನ ದೊಡ್ಡ ಪಟದ ಹಿಂದೆ ಕೆಂಪು ಬಟ್ಟೆಯ ಗಂಟೊಂದಿತ್ತು. ಪಂಚರ ಎದುರು ಬಿಚ್ಚಿದರು. ನಾಲ್ಕು ಡಿಸ್ಕ್. ನಾಲ್ಕರ ಮೇಲೂ ಒಣಗಿ ಹಕ್ಕಳೆಯಾದ ಗಂಧ, ಮಾಸಿದ ಕುಂಕುಮ. ಪಕ್ಕದಲ್ಲಿ ಹಬೀಬನ ಕೈಬರಹ: 1, 2, 3, 4.

 ನಟರಾಜುವಿನ ಹೆಂಡತಿ ಅಡುಗೆಮನೆಯ ಬಾಗಿಲು ಹಿಡಿದು ನಿಂತಳು.

"ಯಾಕೆ ಒಡೆದುಹಾಕಲಿಲ್ಲ?" ಎಂದು ಪ್ರತಿಮಾ ಕೇಳಿದಳು. ಅವಳಿಗೆ ನಿಜಕ್ಕೂ ಗೊತ್ತಾಗಿರಲಿಲ್ಲ.

ನಟರಾಜು ನೆಲ ನೋಡುತ್ತಿದ್ದ. "ಬದಲಾಯಿಸೋವಾಗ ನೋಡಿರ್ಲಿಲ್ಲ, ಗಾಬರೀಲಿದ್ದೆ. ಮನೆಗೆ ತಂದು ಸುತ್ತಿಗೆ ಎತ್ತಿದೆ. ನೋಡಿದ್ರೆ ಕುಂಕುಮ. ಪೂಜೆ ಆದ ವಸ್ತು ಮೇಡಂ. ಹೆಂಗೆ ಸುತ್ತಿಗೆ ಹಾಕೋದು? ಮನೆಗೆ ಕೇಡಲ್ವಾ? ಈ ಭಾನುವಾರ ಶಾಸ್ತ್ರವಾಗಿ ನೀರಿಗೆ ಬಿಡೋಣ ಅಂತ ಇಟ್ಟಿದ್ದೆ."

ಬೈರಪ್ಪ ಮೂವತ್ತು ವರ್ಷದ ನೌಕರಿಯಲ್ಲಿ ಆರೋಪಿಯ ಎದುರು ದನಿ ಎತ್ತಿದವನಲ್ಲ. ಅಂದು ಎತ್ತಿದ.

"ಥೂ, ನಿನ್ನ ಜನ್ಮಕ್ಕಿಷ್ಟು! ಕುಂಕುಮ ಇಟ್ಟ ಕಬ್ಬಿಣ ಒಡೆಯಕ್ಕೆ ಕೈ ನಡುಗ್ತಾ ನಿಂಗೆ? ಆ ಹೆಣ್ಮಗಳ ಹಣೇಲೂ ಕುಂಕುಮ ಐತಲ್ಲೋ! ಅದು ಕಾಣ್ನಿಲ್ವಾ ನಿನ್ ಕಣ್ಣಿಗೆ?"

ಪ್ರತಿಮಾ ಅವನ ತೋಳು ಹಿಡಿದು ಹಿಂದಕ್ಕೆ ಸರಿಸಬೇಕಾಯಿತು. ಸರಿಸಿದಳು, ಅಷ್ಟೇ. ಮಾತಿನಲ್ಲಿ ತಡೆಯಲಿಲ್ಲ.

ಅದೇ ದಿನ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು, ಮೂಲಕ್ಕೆ ಒಂದಕ್ಷರವೂ ಬರೆಯಲಾಗದಂಥ ಉಪಕರಣ ಸಿಕ್ಕಿಸಿ, ಇಲಾಖೆಯ ತಜ್ಞ ಡಿಸ್ಕ್‌ಗಳ ನಕಲು ತೆಗೆಯಲು ಕೂತ. ನಾಲ್ಕನ್ನೂ ಜೋಡಿಸಿ ಓದುವ ಬಗೆ ಆ ಹಳೇ ಪೆಟ್ಟಿಗೆ ಬಲ್ಲವನಿಗೆ ಮಾತ್ರ ಗೊತ್ತಿತ್ತು. ಹಬೀಬನನ್ನು ಕರೆಸಿದರು.

"ಮುಟ್ಟಬೇಡಿ. ಬಾಯಲ್ಲಿ ಹೇಳಿ ಸಾಕು," ಎಂದಳು ಪ್ರತಿಮಾ. ಏಕವಚನ ಬಿಟ್ಟುಹೋದದ್ದು ಹಬೀಬನಿಗೆ ಗೊತ್ತಾಯಿತು. ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಒಂದು ಮಾರು ದೂರ ನಿಂತು ಹೇಳುತ್ತಾ ಹೋದ. ಸಂಜೆ 4.05ಕ್ಕೆ ಪರದೆಯ ಮೇಲೆ ಹೆಸರುಗಳ ಸಾಲು ಮೂಡಿತು.

ನಯನಾ. 19 ಜನವರಿ 2024. ಚಿತ್ರ ಬಂದ ಸಮಯ 11.52. ರಿಪೋರ್ಟ್ ಮುದ್ರಿಸಿದ ಸಮಯ 12.30. ಅದರ ಪಕ್ಕದಲ್ಲಿ ಇನ್ನೊಂದು ಅಂಕಣ: ಚಿತ್ರ ತೆರೆದು ನೋಡಿದವರು. ಅದು ಖಾಲಿ ಇತ್ತು.

"ಖಾಲಿ ಅಂದ್ರೆ?"

"ಯಾರೂ ತೆಗೆದೇ ಇಲ್ಲ ಮೇಡಂ," ಎಂದ ಹಬೀಬ್. ಅವನ ದನಿ ಇಳಿದಿತ್ತು. "ಚಿತ್ರ ನೋಡದೇನೇ ನಾರ್ಮಲ್ ಅಂತ ಪ್ರಿಂಟ್ ಕೊಟ್ಟವ್ರೆ."

ತಜ್ಞ ಸಾಲನ್ನು ಮೇಲೆ ಮೇಲೆ ಸರಿಸಿದ. ಖಾಲಿ. ಖಾಲಿ. ಖಾಲಿ. ಡಿಸೆಂಬರಿನಿಂದೀಚೆಗೆ ಮುನ್ನೂರ ಹನ್ನೆರಡು ಹೆಸರುಗಳ ಪಕ್ಕ ಖಾಲಿ.

4.40ಕ್ಕೆ ನಟರಾಜುವಿನ ಬಂಧನ ದಾಖಲಾಯಿತು. ಸುಳ್ಳು ದೂರು, ಸಾಕ್ಷ್ಯ ಮರೆಮಾಚಿದ್ದು, ಖೋಟಾ ಸಹಿ ಎಂದು ಕಲಂಗಳು ಸೇರಿದವು. ಹಬೀಬನ ಹೆಸರು ಕೈಬಿಡುವಂತೆ ನ್ಯಾಯಾಲಯಕ್ಕೆ ವರದಿ ಹೋಯಿತು.

ಹೇಳಿಕೆಯಲ್ಲಿ ನಟರಾಜು ಹೆಚ್ಚೇನೂ ಮುಚ್ಚಿಡಲಿಲ್ಲ. ಬೆಂಗಳೂರಿನಿಂದ ವಾರಕ್ಕೆರಡು ಸಲ ಬರುತ್ತಿದ್ದ ರೇಡಿಯಾಲಜಿಸ್ಟ್ ಕಳೆದ ಡಿಸೆಂಬರಿನಲ್ಲಿ ಬಿಟ್ಟುಹೋಗಿದ್ದರು. ಅವರ ಸಹಿಯ ಚಿತ್ರ ಕಂಪ್ಯೂಟರಿನಲ್ಲಿ ಉಳಿದಿತ್ತು. ನಾಳೆ ಬನ್ನಿ ಎಂದರೆ ಜನ ಬೇರೆ ಸೆಂಟರಿಗೆ ಹೋಗುತ್ತಿದ್ದರು. ಹೊಸಬರು ಸಿಗುವವರೆಗೆ ಎಂದು ಶುರು ಮಾಡಿದ. ಒಂದು ಗಂಟೆಯ ಬೋರ್ಡು ಹಾಕಿದ ಮೇಲೆ ಜನ ಹೆಚ್ಚಾದರು, ಹೊಸಬರನ್ನು ಹುಡುಕುವುದನ್ನೇ ಮರೆತ. ಕೊನೆಗೆ ಅವನು ಹೇಳಿದ ಮಾತನ್ನು ಬೈರಪ್ಪ ಹೇಳಿದಂತೆಯೇ ಬರೆದುಕೊಂಡ: 'ಯಾರೂ ವಾಪಸ್ ಬಂದು ಕೇಳಲಿಲ್ಲ ಸಾರ್. ಅದಕ್ಕೆ ಎಲ್ಲಾ ಸರಿಯಾಗೇ ಇದೆ ಅಂದ್ಕೊಂಡೆ.'

16ರ ಶನಿವಾರ ಬೆಳಿಗ್ಗೆ ಶಿವಕುಮಾರ್ ಆಸ್ಪತ್ರೆಯಿಂದ ಫೋನು ಮಾಡಿದ.

"ಚಿತ್ರ ನೋಡಿದ್ರು ಮೇಡಂ. ಜನವರೀಲೇ ಇತ್ತಂತೆ. ಗೋಲಿ ಗಾತ್ರ. ಆಗಲೇ ತೆಗೆದಿದ್ರೆ ಒಸಿ ಜಾಗ ಸಾಕಿತ್ತಂತೆ." ಅವನು ಮೂಗು ಒರೆಸಿಕೊಂಡ. "ಈಗ ಬೆಳೆದುಬುಟ್ಟದಂತೆ, ಅರ್ಧ ತೆಗೀತಾರೆ. ಸೋಮವಾರ. ಗೊತ್ತಾಗಿದ್ದು ಒಳ್ಳೇದಾಯ್ತು, ಇಲ್ಲಾಂದ್ರೆ ಇನ್ನೂ ಕಾಯೋಣ ಅಂತಿದ್ರಂತೆ. ಆ ಹಬೀಬಣ್ಣನಿಗೆ ಹೇಳಿ ಮೇಡಂ. ನಾನು ಆವತ್ತು ಏನೇನೋ ಅಂದಿದ್ದೆ."

ಪ್ರತಿಮಾ ಹೇಳುತ್ತೇನೆಂದಳು. ಫೋನಿಡುವಾಗ ಅವಳಿಗೆ ತನ್ನಮ್ಮ ನೆನಪಾದಳು. ಮನೆಯಲ್ಲಿ ಅವಳಮ್ಮ ಚಿಕ್ಕಲಕ್ಷ್ಮಮ್ಮನ ಬೀರುವಿನಲ್ಲೂ ಇಂಥದೇ ನಾರ್ಮಲ್ ಎಂಬ ಒಂದು ಹಾಳೆ ಮಡಿಸಿಟ್ಟಿದೆ, ಯಾವ ಸೆಂಟರಿನದೋ ನೆನಪಿಲ್ಲ.

ಎದುರಿನ ಮೇಜಿನಲ್ಲಿ ಬೈರಪ್ಪ ಮುನ್ನೂರ ಹನ್ನೆರಡು ಹೆಸರುಗಳ ಪಟ್ಟಿ ಹರಡಿಕೊಂಡು, ಸ್ಕೇಲು ಇಟ್ಟು ಮೊದಲ ಸಾಲಿನ ಕೆಳಗೆ ಗೆರೆ ಎಳೆದ. ಜಿಲ್ಲಾ ಆಸ್ಪತ್ರೆಯವರು ಎಲ್ಲರ ಚಿತ್ರ ನೋಡಲು ಒಪ್ಪಿದ್ದರು. ಆದರೆ ಜನರಿಗೆ ಹೇಳುವವರು ಯಾರು? ಆರೋಗ್ಯ ಇಲಾಖೆಯಿಂದ ಪತ್ರ ಹೋಗಲು ಹದಿನೈದು ದಿನ ಬೇಕೆಂದಿದ್ದರು.

"ಹದಿನೈದು ದಿನ ಅಂತೆ!" ಎಂದು ಪ್ರತಿಮಾ ಪಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡಳು. "ಮೊದಲನೇದು ಓದಿ ಬೈರಪ್ಪ."

"ಸಿರಿ, ಇಪ್ಪತ್ತೆಂಟು ವರ್ಷ, ಮಾಗಡಿ."

ಅವಳು ನಂಬರು ಒತ್ತಿದಳು. ಆ ಕಡೆ ಫೋನು ಎತ್ತಿದಾಗ ಹಿಂದೆ ಮಿಕ್ಸಿಯ ಸದ್ದು, ಯಾರೋ ನಗುವ ಸದ್ದು ಕೇಳಿಸಿತು.

"ಗಾಬರಿಯಾಗಬೇಡಮ್ಮ, ರಾಮನಗರ ಪೊಲೀಸ್ ಠಾಣೆಯಿಂದ ಮಾತಾಡ್ತಿದ್ದೀನಿ. ಕಳೆದ ಡಿಸೆಂಬರಲ್ಲಿ ಚನ್ನಪಟ್ಟಣದಲ್ಲಿ ಸ್ಕ್ಯಾನ್ ಮಾಡಿಸಿದ್ರಲ್ಲ?"

"ಹೌದು ಮೇಡಂ. ನಾರ್ಮಲ್ ಬಂದಿತ್ತು."

ಮಿಕ್ಸಿ ನಿಂತಿತು. 

"ಅದನ್ನ ಇಲ್ಲೀವರೆಗೂ ಯಾರೂ ನೋಡಿಲ್ಲಮ್ಮ."